ಹಳ್ಳಿ ಲೈಬ್ರರಿ: ಕಟ್ಟಡಕ್ಕೆ ದುಡ್ಡು ಸಿಕ್ತು, ಸಂಬಳಕ್ಕೆ?

ಹಳ್ಳೀಲಿ ಲೈಬ್ರರಿಯನ್ ಆಗ್ತೀನಿ ಅಂತ ಯಾರಾದ್ರೂ ಅಂದ್ರೆ ಮನೆಯೋರು ಕೇಳೋ ಮೊದಲ್ನೇ ಪ್ರಶ್ನೆ, ಅದ್ರಲ್ಲಿ ಹೊಟ್ಟೆ ತುಂಬುತ್ತಾ ಅಂತ. ಕೇಳೋಕೆ ಒರಟು ಅನ್ಸುತ್ತೆ, ಆದ್ರೆ ಹಳೇ ಕಥೆ ಕೆದಕಿದ್ರೆ ಎಲ್ಲಾ ಅಲ್ಲಿಗೇ ಬಂದು ನಿಲ್ಲುತ್ತೆ.

ಇದು ಓದಿ ಕಲ್ತು ಮಾಡೋ ಕೆಲಸ ಅಂತ ಆಗಿದ್ದು 1887ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಲ್ಲಿ ಮೆಲ್ವಿಲ್ ಡ್ಯೂಯಿ ಇದಕ್ಕೇ ಅಂತ ಸ್ಕೂಲ್ ತೆಗೆದ ಮೇಲೆ. ಮೊದಲ ಬ್ಯಾಚಲ್ಲಿ ಹೆಂಗಸರೇ ಜಾಸ್ತಿ, ಆಡಳಿತದೋರಿಗೆ ಅದು ಹಿಡಿಸ್ಲಿಲ್ಲ, ಎರಡು ವರ್ಷಕ್ಕೆ ಸ್ಕೂಲು ಗಂಟುಮೂಟೆ ಕಟ್ಕೊಂಡು ಆಲ್ಬನಿಗೆ ಹೋಯ್ತು.

ಆಮೇಲೆ ಬಂದಿದ್ದು ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ದುಡ್ಡು. ಅಮೆರಿಕ ಒಂದ್ರಲ್ಲೇ 1,600ಕ್ಕೂ ಹೆಚ್ಚು ಲೈಬ್ರರಿ ಕಟ್ಟಡ ಎದ್ವು, ಸಣ್ಣ ಸಣ್ಣ ಊರಲ್ಲೂ. ಆದ್ರೆ ಷರತ್ತು ಇತ್ತು: ಜಾಗ ಊರೋರ್ದು, ಅವ್ರು ಕೊಟ್ಟ ದುಡ್ಡಿನ ಶೇ. 10ರಷ್ಟನ್ನ ಊರೋರೇ ವರ್ಷಾ ವರ್ಷಾ ಖರ್ಚಿಗೆ ಇಡ್ಬೇಕು. ಅಂದ್ರೆ ಕಟ್ಟಡಕ್ಕೆ 10,000 ಡಾಲರ್ ಬಂದ್ರೆ ವರ್ಷಕ್ಕೆ 1,000, ಪುಸ್ತಕ, ಕಲ್ಲಿದ್ದಲು, ದೀಪ, ರಿಪೇರಿ ಎಲ್ಲಾ ಅದ್ರಲ್ಲೇ, ಸಂಬಳಾನೂ ಅದ್ರಲ್ಲೇ. ಕಂಬ ಕಮಾನು ಎಲ್ಲಾ ಚೆನ್ನಾಗಿತ್ತು ಬಿಡಿ, ಒಳಗೆ ಕೂತೋರ ಲೆಕ್ಕ ಯಾರೂ ಹಾಕಿದಂಗೆ ಕಾಣಲ್ಲ.

ಊರು ದಾಟಿ ಹೊಲಗದ್ದೆ ಕಡೆ ಇರೋರಿಗೆ ಕಟ್ಟಡ ಇದ್ರೂ ಒಂದೇ ಇಲ್ದಿದ್ರೂ ಒಂದೇ ಅಂತ ಗೊತ್ತಾಗಿದ್ದು ಲೈಬ್ರರಿಯನ್ ಮೇರಿ ಟಿಟ್‌ಕಾಂಬ್‌ಗೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಲೈಬ್ರರಿಯಿಂದ 1905ರಲ್ಲಿ ಕುದುರೆ ಗಾಡಿಗೆ ಪುಸ್ತಕ ತುಂಬಿ ಕಳಿಸಿದ್ರು, ಓಡಿಸ್ತಿದ್ದಿದ್ದು ಲೈಬ್ರರಿ ಜವಾನ. ಗಾಡಿ ಬಣ್ಣ ಕಪ್ಪಗಿತ್ತು, ಒಂದ್ಮನೆಯೋರು ಹೆಣ ಸಾಗಿಸೋ ಗಾಡಿ ಅನ್ಕೊಂಡು ಇಲ್ಲಿ ನಿಲ್ಲಿಸ್ಬೇಡ ಅಂದ್ರಂತೆ, ಆಮೇಲೆ ಚಕ್ರಕ್ಕೆ ಕೆಂಪು ಬಳಿದ್ರು. 1910ರಲ್ಲಿ ಗಾಡಿಗೆ ರೈಲು ಗುದ್ದಿ ಪುಡಿಪುಡಿ ಆಯ್ತು, 1912ಕ್ಕೆ ಮೋಟಾರ್ ಗಾಡಿ ತಂದ್ರು. ನಮ್ಮ ಕಡೆನೂ 1931ರಲ್ಲಿ ಈಗಿನ ತಮಿಳುನಾಡಿನ ಮನ್ನಾರ್‌ಗುಡಿ ಸುತ್ತ ಎತ್ತಿನ ಗಾಡೀಲಿ ಪುಸ್ತಕ ಓಡಾಡ್ತು, ಪುಸ್ತಕ ಇರೋದು ಬಳಸೋಕೆ ಅನ್ನೋದನ್ನ ಮೊದಲ ಸೂತ್ರ ಮಾಡಿದ ಗ್ರಂಥಾಲಯ ತಜ್ಞ ರಂಗನಾಥನ್ ಅವರ, ಲೈಬ್ರರಿ ಬಗ್ಗೆ ಇರೋ ಪಂಚ ಸೂತ್ರಗಳ ಪುಸ್ತಕ ಬಂದಿದ್ದೂ ಅದೇ ವರ್ಷ.

ಲೆಕ್ಕ ಉಲ್ಟಾ ಆಗಿದ್ದು ಅಮೆರಿಕದ ಕೆಂಟಕೀಲಿ. ಮಹಾ ಆರ್ಥಿಕ ಕುಸಿತದ ಟೈಮು, 1935ರಿಂದ ಸರ್ಕಾರದ ಉದ್ಯೋಗ ಯೋಜನೆ ಡಬ್ಲ್ಯೂಪಿಎ ಬೆಟ್ಟದ ಹಳ್ಳಿಗಳಿಗೆ ಕುದುರೆ, ಹೇಸರಗತ್ತೆ ಮೇಲೆ ಪುಸ್ತಕ ಒಯ್ಯೋಕೆ ಜನ ಇಟ್ಕೊಂತು, ಹೆಚ್ಚಿನೋರು ಹೆಂಗಸರೇ, ತಿಂಗಳಿಗೆ ಸುಮಾರು 28 ಡಾಲರ್. ಇಲ್ಲಿ ಸಂಬಳ ಇತ್ತು, ಪುಸ್ತಕಕ್ಕೆ ದುಡ್ಡಿರ್ಲಿಲ್ಲ! ಪುಸ್ತಕ ಎಲ್ಲಾ ದಾನದ್ದು, ಹಳೇ ಮ್ಯಾಗಜೀನ್ ಹರಿದುಹೋದ್ರೆ ಅಡುಗೆ ಬರಹ, ಹೊಲಿಗೆ ಮಾದರಿ, ಚಿತ್ರ ಎಲ್ಲಾ ಕತ್ತರಿಸಿ ಅಂಟಿಸಿ ಹೊಸ ಪುಸ್ತಕ ಮಾಡೋರು, ಅದಕ್ಕೇ ಜನ ಮುಗಿಬೀಳೋರು. 1943ರಲ್ಲಿ ಯೋಜನೆ ನಿಂತ್ಹೋಯ್ತು, ಕೆಲಸಾನೂ ಹೋಯ್ತು. ಊರಿನ ಬಜೆಟ್ಟಲ್ಲಿ ಆ ಹುದ್ದೆಗೆ ಜಾಗಾನೇ ಇರ್ಲಿಲ್ವಲ್ಲ.

1956ರಲ್ಲಿ ಅಮೆರಿಕ ಲೈಬ್ರರಿ ಸರ್ವಿಸಸ್ ಆಕ್ಟ್ ತಂತು, ವರ್ಷಕ್ಕೆ 75 ಲಕ್ಷ ಡಾಲರ್‌ವರೆಗೆ, 10,000ಕ್ಕಿಂತ ಕಮ್ಮಿ ಜನ ಇರೋ ಊರುಗಳಿಗೆ. ಕಟ್ಟಡಕ್ಕೆ, ಜಾಗಕ್ಕೆ ಒಂದು ಪೈಸೆ ಮುಟ್ಟಂಗಿಲ್ಲ, ಪುಸ್ತಕಕ್ಕೆ ಸಂಬಳಕ್ಕೆ ಖರ್ಚು ಮಾಡಿ ಅಂತ. ಕಾರ್ನೆಗಿ ತಪ್ಪನ್ನ ಯಾರೋ ಕೂತು ತಿದ್ದಿದಂಗಿದೆ ಅನ್ಸುತ್ತೆ ನಂಗೆ. ಖುಷಿ ಜಾಸ್ತಿ ವರ್ಷ ಉಳೀಲಿಲ್ಲ, 1964ರಲ್ಲಿ ಕಾನೂನು ತಿದ್ದಿ ನಗರಗಳನ್ನೂ ಸೇರಿಸಿದ್ರು, ಕಟ್ಟಡಾನೂ ವಾಪಸ್ ಬಂತು.

ಈಗ್ಲೂ ಸಣ್ಣೂರ ಲೈಬ್ರರೀಲಿ ಎಷ್ಟೋ ಕಡೆ ಒಬ್ರೇ ಇರೋದು. ಬಾಗಿಲು ತೆಗೆಯೋದ್ರಿಂದ ಹಿಡ್ದು ಆನ್‌ಲೈನ್ ಅರ್ಜಿ ತುಂಬಿಸಿಕೊಡೋದು, ಪ್ರಿಂಟರಲ್ಲಿ ಸಿಕ್ಕಾಕೊಂಡ ಪೇಪರ್ ಎಳೆಯೋದು, ಮಕ್ಕಳಿಗೆ ಕಥೆ ಓದೋದು, ಎಲ್ಲಾ ಅವ್ರೇ. ಅನುಭವ ಇರೋರು ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ಕೊಂಡಿರ್ತಾರೆ, ಯಾರು ಬಂದ್ರೂ ಏನು ಕೇಳಿದ್ರೂ ಒಂದೊಂದು ಗೀಟು. ಬಜೆಟ್ ಮೀಟಿಂಗಿಗೆ ಹೋಗೋವಾಗ ಕೈಲಿ ಹಿಡ್ಕೊಂಡು ಹೋಗೋದು ಅದನ್ನೇ.