ದಿಬ್ಬದ ನೆತ್ತಿಯ ಹತ್ತು ಸೆಕೆಂಡು

ಮೈಸೂರಿನಿಂದ ಹುಣಸೂರಿನ ತನಕ ನಾವು ಆರು ಜನ ಒಂದೇ ಸಾಲಿನಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದೆವು. ಸುಮಾರು 45 ಕಿ.ಮೀ. ದಾರಿ. ಒಬ್ಬರೂ ಹಿಂದೆ ಬಿದ್ದಿರಲಿಲ್ಲ. ಹುಣಸೂರಿನಲ್ಲಿ ಇಡ್ಲಿ ತಿಂದು, ಬಾಟಲಿಗೆ ನೀರು ತುಂಬಿಕೊಂಡು ಪಿರಿಯಾಪಟ್ಟಣದ ಕಡೆ ಹೊರಟೆವು. ಅಲ್ಲಿಂದ ಮುಂದೆ ಏರು, ಇಳಿಜಾರು, ಮತ್ತೆ ಏರು. ಯಾವುದೂ ಘಾಟಿಯಲ್ಲ. ಕಾರಿನಲ್ಲಿ ಹೋಗುವವರ ಗಮನಕ್ಕೂ ಬಾರದ ದಿಬ್ಬಗಳು. ಆದರೂ ಪಿರಿಯಾಪಟ್ಟಣ ಮುಟ್ಟುವ ಹೊತ್ತಿಗೆ ಮೊದಲು ಬಂದವರು ಕೊನೆಯವರಿಗಾಗಿ ಹದಿನೈದು ನಿಮಿಷ ಕಾಯಬೇಕಾಯಿತು. ಕೊನೆಗೆ ಬಂದವರು ನಮ್ಮ ಗುಂಪಿನ ಹಿರಿಯರು, ಐವತ್ತು ದಾಟಿದ ಅಣ್ಣ. ಸೈಕಲ್ಲನ್ನು ಮರಕ್ಕೆ ಒರಗಿಸಿ, "ಮುಂದಿನ ವಾರದಿಂದ ನೀವೇ ಹೋಗಿ ಬನ್ರಪ್ಪ" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಅಣ್ಣನ ಕಾಲಿನಲ್ಲಿ ಬಲ ಕಡಿಮೆ ಇರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಜಾಸ್ತಿ ಹೊತ್ತು ಮುಂದೆ ನಿಂತು ಗಾಳಿ ಸೀಳಿದವರೇ ಅವರು. ಹಾಗಾದರೆ ದಿಬ್ಬಗಳು ನಮ್ಮನ್ನು ಚೆದುರಿಸಿದ್ದು ಹೇಗೆ?

ನಾವು ತಯಾರಾಗುತ್ತಿದ್ದುದು 200 ಕಿ.ಮೀ. ಬ್ರೆವೆಗೆ. ಬ್ರೆವೆ ಎಂದರೆ ರೇಸ್ ಅಲ್ಲ. ಗೊತ್ತಾದ ದಾರಿಯನ್ನು ಗೊತ್ತಾದ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ನಡುವೆ ಕಂಟ್ರೋಲ್ ಎಂಬ ತಪಾಸಣೆಯ ತಾಣಗಳಲ್ಲಿ ಸವಾರರ ಕಾರ್ಡಿಗೆ ಮುದ್ರೆ ಬೀಳಬೇಕು. ಮೊದಲನೆಯವರು, ಕೊನೆಯವರು ಎಂಬ ಲೆಕ್ಕ ಇಲ್ಲ. ಇದರ ಬೇರು ಇಟಲಿಯಲ್ಲಿದೆ. 1897ರ ಜೂನ್‌ನಲ್ಲಿ 12 ಜನ ರೋಮ್‌ನಿಂದ ನೇಪಲ್ಸ್‌ಗೆ, 230 ಕಿ.ಮೀ. ದಾರಿಯನ್ನು ಹಗಲು ಮುಗಿಯುವುದರೊಳಗೆ ತುಳಿದು ಮುಟ್ಟಿದರು. ಅವರನ್ನು 'ಆಡಾಕ್ಸ್' ಎಂದು ಕರೆದರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಧೈರ್ಯವಂತ. 1904ರಲ್ಲಿ ಈ ಪದ್ಧತಿ ಫ್ರಾನ್ಸಿಗೆ ಬಂತು. ಅಲ್ಲಿ ಬೆಳೆದ ಆಡಾಕ್ಸ್ ರೂಢಿಯಲ್ಲಿ ಇಡೀ ಗುಂಪು ಒಟ್ಟಿಗೇ ಹೋಗಬೇಕು. ಮುಂದೆ ಒಬ್ಬ ಕ್ಯಾಪ್ಟನ್ ಇರುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ. ಇಂದಿನ ಬ್ರೆವೆಗಳಲ್ಲಿ ಅಂಥ ನಿಯಮ ಇಲ್ಲ, ಅವರವರ ವೇಗ ಅವರವರಿಗೆ. ಆದರೂ ಜೊತೆಯಾಗಿಯೇ ಹೋಗಬೇಕು ಅಂದುಕೊಳ್ಳುವ ನಮ್ಮಂಥ ಗುಂಪುಗಳಿಗೆ ಆ ಹಳೆಯ ಕ್ಯಾಪ್ಟನ್‌ನಿಂದ ಕಲಿಯುವುದು ಬಹಳ ಇದೆ.

ಸೈಕಲ್ ಸವಾರನನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಮೂರು: ಗಾಳಿ, ಟೈರು ರಸ್ತೆಯ ಮೇಲೆ ಉರುಳುವಾಗಿನ ತಡೆ, ಮತ್ತು ಏರಿನಲ್ಲಿ ನಮ್ಮದೇ ತೂಕ. ಸವಾರ, ಸೈಕಲ್, ನೀರು, ಬ್ಯಾಗು ಎಲ್ಲ ಸೇರಿ 85 ಕಿಲೋ ಇಟ್ಟುಕೊಂಡು ಲೆಕ್ಕ ಹಾಕೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಹೆಚ್ಚುಕಡಿಮೆ 95 ವಾಟ್ ಬೇಕು. ಹಳೆಯ ಕಾಲದ ನೂರು ವಾಟಿನ ಬಲ್ಬನ್ನು ನೆನಪಿಸಿಕೊಂಡರೆ ಇದು ಎಷ್ಟೆಂದು ಅಂದಾಜಾಗುತ್ತದೆ. ಇದರಲ್ಲಿ ಮೂರನೇ ಎರಡು ಭಾಗ ಗಾಳಿಗೇ ಹೋಗುತ್ತದೆ. ವೇಗವನ್ನು 30ಕ್ಕೆ ಏರಿಸಿದರೆ 145 ವಾಟ್ ಬೇಕು. ವೇಗ ಐದನೇ ಒಂದು ಭಾಗ ಹೆಚ್ಚಾಯಿತು, ಶ್ರಮ ಒಂದೂವರೆ ಪಟ್ಟಾಯಿತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ, ಅಂದರೆ ವೇಗ ಎರಡು ಪಟ್ಟಾದರೆ ಎಂಟು ಪಟ್ಟು, ಬೆಳೆಯುವುದೇ ಇದಕ್ಕೆ ಕಾರಣ.

ಹೀಗಾಗಿಯೇ ಸಮತಟ್ಟು ರಸ್ತೆಯಲ್ಲಿ ಗುಂಪು ಒಂದು ವರ. ಮುಂದಿನವರ ಬೆನ್ನ ಹಿಂದೆ ಅಂಟಿಕೊಂಡಂತೆ ಹೋದರೆ ಗಾಳಿಯ ಹೊರೆ ಮೂರನೇ ಒಂದರಷ್ಟು ಇಳಿಯುತ್ತದೆ. ದೊಡ್ಡ ಗುಂಪಿನಲ್ಲಿ ಇನ್ನೂ ಜಾಸ್ತಿ. ಬರ್ಟ್ ಬ್ಲಾಕನ್ ಎಂಬ ವಿಜ್ಞಾನಿಯ ತಂಡ 2018ರಲ್ಲಿ 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಪರೀಕ್ಷಿಸಿತು. ಗುಂಪಿನ ಹಿಂಭಾಗದ ಒಳಗಿದ್ದವರಿಗೆ ತಗಲುವ ಗಾಳಿಯ ತಡೆ ಒಬ್ಬಂಟಿ ಸವಾರನಿಗೆ ತಗಲುವುದರ 5ರಿಂದ 10 ಶೇಕಡಾ ಮಾತ್ರ ಎಂದು ಕಂಡಿತು! ಆರು ಜನರ ನಮ್ಮ ಸಾಲಿಗೆ ಅಷ್ಟು ಸಿಗುವುದಿಲ್ಲ. ಆದರೆ ಹುಣಸೂರಿನ ತನಕ ನಮ್ಮನ್ನು ಜೊತೆಯಾಗಿ ತಂದದ್ದು ಈ ಗಾಳಿಯ ಮರೆಯೇ.

ಈಗ ನೂರು ಮೀಟರಿಗೆ ಐದು ಮೀಟರ್ ಏರುವ ಒಂದು ದಿಬ್ಬ ಬಂತು ಅನ್ನಿ. ವೇಗ 12ಕ್ಕೆ ಇಳಿಯುತ್ತದೆ. ಅಷ್ಟಕ್ಕೇ 160 ವಾಟ್ ಬೇಕು. ಅದರಲ್ಲಿ ಗಾಳಿಯ ಪಾಲು ನೂರಕ್ಕೆ ನಾಲ್ಕೈದು. ಅಂದರೆ ಮುಂದಿನವರ ಬೆನ್ನ ಹಿಂದೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರತಿಯೊಬ್ಬರೂ ತಮ್ಮ ತೂಕವನ್ನು ತಾವೇ ಹೊರಬೇಕು. ಸೈಕಲ್ ಸೇರಿ 65 ಕಿಲೋ ಇರುವವರಿಗೆ ಅದೇ 12 ಕಿ.ಮೀ. ವೇಗಕ್ಕೆ ಸುಮಾರು 125 ವಾಟ್ ಸಾಕು. 100 ಕಿಲೋ ಇರುವವರಿಗೆ 185ರ ಮೇಲೆ ಬೇಕು. ಇಬ್ಬರೂ ಪಕ್ಕಪಕ್ಕದಲ್ಲೇ ಹೋಗುತ್ತಿದ್ದಾರೆ, ಒಬ್ಬರು ಮಾತಾಡುತ್ತಿದ್ದಾರೆ, ಇನ್ನೊಬ್ಬರಿಗೆ ಏದುಸಿರು. ನಮ್ಮ ಅಣ್ಣ ದೊಡ್ಡ ಆಳು. ಸಮತಟ್ಟಿನಲ್ಲಿ ನಮಗೆಲ್ಲ ಗಾಳಿಗೆ ಮರೆಯಾದ ಅವರ ಮೈಯೇ ದಿಬ್ಬದಲ್ಲಿ ಅವರಿಗೆ ಹೊರೆಯಾಯಿತು.

ಇಷ್ಟಾದರೂ ಇದರಿಂದ ಬೀಳುವ ಅಂತರ ಸಣ್ಣದು. ನಿಜವಾದ ಪೆಟ್ಟು ಬೀಳುವುದು ನೆತ್ತಿಯಲ್ಲಿ. ಮುಂದಿನವರು ದಿಬ್ಬದ ನೆತ್ತಿಗೆ ಬಂದಾಗ ಕೊನೆಯವರು ಹತ್ತು ಸೆಕೆಂಡು ಹಿಂದಿದ್ದಾರೆ ಎನ್ನೋಣ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತು ಸೆಕೆಂಡು ಅಂದರೆ 28 ಮೀಟರ್. ಕೂಗಿದರೆ ಕೇಳುವಷ್ಟು ಹತ್ತಿರ. ಮುಂದಿನವರು ನೆತ್ತಿ ದಾಟಿದ ಕೂಡಲೇ ಗೇರ್ ಏರಿಸಿ ಓಡುತ್ತಾರೆ, ವೇಗ 40 ಆಗುತ್ತದೆ. ಕೊನೆಯವರೂ ನೆತ್ತಿ ದಾಟಿ ಅದೇ ವೇಗಕ್ಕೆ ಬಂದಾಗ ಅಂತರ ಆಗಲೂ ಹತ್ತೇ ಸೆಕೆಂಡು. ಆದರೆ ಅದು ಈಗ 110 ಮೀಟರ್! ಗಾಳಿಯ ಮರೆ ಚೆನ್ನಾಗಿ ಸಿಗುವುದು ಕೆಲವೇ ಮೀಟರುಗಳ ಒಳಗೆ. ಕೊನೆಯವರು ಇನ್ನು ಒಂಟಿಯಾಗಿ ಗಾಳಿಗೆ ಎದೆಯೊಡ್ಡಬೇಕು. ಈಗಷ್ಟೇ ಎಲ್ಲರಿಗಿಂತ ಜಾಸ್ತಿ ದಣಿದು ಏರಿದವರು ಅವರೇ, ಈಗ ಎಲ್ಲರಿಗಿಂತ ಜಾಸ್ತಿ ತುಳಿಯಬೇಕಾದವರೂ ಅವರೇ. ಮುಂದಿನ ದಿಬ್ಬಕ್ಕೆ ಬರುವಾಗ ಕಾಲು ಸೋತಿರುತ್ತದೆ. ಅಂತರ ಇಪ್ಪತ್ತು ಸೆಕೆಂಡಾಗುತ್ತದೆ, ಆಮೇಲೆ ಒಂದು ನಿಮಿಷ. ಹದಿನೈದು ನಿಮಿಷ ಹುಟ್ಟಿದ್ದು ಹೀಗೆ.

ಇದಕ್ಕೆ ಮದ್ದು ಏನು? ನೆತ್ತಿ ದಾಟಿದ ಮೇಲೆ ಮುಂದಿನವರು ಹತ್ತು ಸೆಕೆಂಡು ಸುಮ್ನೆ ಇರಬೇಕು. ಹಗುರ ಕಾಲಿನಲ್ಲಿ ಪೆಡಲ್ ತಿರುಗಿಸುತ್ತಾ, ವೇಗ ಏರಿಸದೆ, ಕೊನೆಯವರು ನೆತ್ತಿಗೆ ಬರುವ ತನಕ. 200 ಕಿ.ಮೀ. ದಾರಿಯಲ್ಲಿ ಇಂಥ 40 ದಿಬ್ಬ ಇವೆ ಎಂದಿಟ್ಟುಕೊಂಡರೂ ಕಾದದ್ದು ಒಟ್ಟು 400 ಸೆಕೆಂಡು, ಏಳು ನಿಮಿಷಕ್ಕೂ ಕಡಿಮೆ. ಪಿರಿಯಾಪಟ್ಟಣದ ಮರದಡಿ ನಾವು ಒಂದೇ ಸಲ ಅದರ ಎರಡು ಪಟ್ಟು ಕಾದಿದ್ದೆವು.

ಹಾಗೆ ಕಾದದ್ದರಿಂದ ಮುಂದಿನವರಿಗೂ ನಷ್ಟ ಇಲ್ಲ. ಐದು ಶೇಕಡಾ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟರೂ ಸೈಕಲ್ ಗಂಟೆಗೆ 50 ಕಿ.ಮೀ. ಹತ್ತಿರ ಹೋಗುತ್ತದೆ. ಅಲ್ಲಿ 100 ವಾಟ್ ಜಾಸ್ತಿ ಹಾಕಿದರೆ ಸಿಗುವುದು ನಾಲ್ಕೈದು ಕಿ.ಮೀ. ವೇಗ ಮಾತ್ರ, ಉಳಿದದ್ದನ್ನು ಗಾಳಿ ನುಂಗುತ್ತದೆ. ಅದೇ 100 ವಾಟ್ ಏರಿನಲ್ಲಿ ವೇಗವನ್ನು 12ರಿಂದ 18ಕ್ಕೆ ತರುತ್ತದೆ. ಆದ್ದರಿಂದ ಏರಿನಲ್ಲಿ ಸ್ವಲ್ಪ ಜಾಸ್ತಿ ತುಳಿದು ಇಳಿಜಾರಿನಲ್ಲಿ ಕಾಲಿಗೆ ಬಿಡುವು ಕೊಡುವುದು ಲೆಕ್ಕದ ಪ್ರಕಾರವೂ ಸರಿ. 'ಸ್ವಲ್ಪ' ಎಂಬುದನ್ನು ಮರೆಯಬಾರದು ಅಷ್ಟೆ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಇಳಿಜಾರಿನಲ್ಲಿ ಇನ್ನೊಂದು ಮಾತಿದೆ, ಅದು ಪ್ರಾಣದ ವಿಷಯ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. 25ರಲ್ಲಿ ಐದು ಮೀಟರಿನಲ್ಲಿ ನಿಲ್ಲುವ ಸೈಕಲ್ 50ರಲ್ಲಿ ಇಪ್ಪತ್ತು ಮೀಟರ್ ಕೇಳುತ್ತದೆ. ನಮ್ಮ ರಸ್ತೆಗಳಲ್ಲಿ ಇಳಿಜಾರು ಮುಗಿಯುವಲ್ಲಿ ಒಂದು ಊರು, ಊರಿನ ಬಾಯಲ್ಲೇ ಹಂಪ್ಸ್. ಅದಕ್ಕೇ ಇಳಿಯುವಾಗ ಸಾಲು ಬಿಚ್ಚಿಕೊಳ್ಳಬೇಕು, ದೂರ ಬಿಡಬೇಕು. ಗುಂಡಿ, ಜಲ್ಲಿ, ಹಂಪ್ಸ್ ಕಂಡರೆ ಮುಂದಿನವರು ಕೈ ತೋರಿಸಿ ಜೋರಾಗಿ ಕೂಗಬೇಕು. ಹಿಂದಿರುವವರಿಗೆ ಕಾಣುವುದು ಬೆನ್ನು ಮಾತ್ರ, ಅಲ್ವಾ? ತೂಕದವರು ಇಳಿಜಾರಿನಲ್ಲಿ ಸಹಜವಾಗಿಯೇ ವೇಗವಾಗಿ ಹೋಗುತ್ತಾರೆ. ತೂಕ ಹೆಚ್ಚಿದಷ್ಟು ಗಾಳಿಗೆ ಸಿಗುವ ಮೈ ಹೆಚ್ಚುವುದಿಲ್ಲವಲ್ಲ. ಆದ್ದರಿಂದ ಇಳಿಯುವಾಗ ಅಣ್ಣನಂಥವರು ಮುಂದೆ, ಏರುವಾಗ ಅವರೇ ವೇಗ ಗೊತ್ತು ಮಾಡುವವರು. ಇದು ನಾವು ಮಾಡಿಕೊಂಡ ಏರ್ಪಾಡು.

ಇನ್ನು 'ಸ್ವಲ್ಪ'ದ ವಿಷಯ. ಒಂಬತ್ತು ಗಂಟೆ ಸರಾಸರಿ 120 ವಾಟ್‌ನಲ್ಲಿ ತುಳಿದರೆ ಪೆಡಲಿಗೆ ಮುಟ್ಟುವ ಶಕ್ತಿ ಸುಮಾರು 3,900 ಕಿಲೋಜೌಲ್. ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ಕಾಲು ಭಾಗ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ದೇಹ ಸುಡುವುದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಒಂದು ಕಿಲೋಕ್ಯಾಲೊರಿ ಅಂದರೆ ನಾಲ್ಕು ಕಿಲೋಜೌಲಿಗಿಂತ ತುಸು ಹೆಚ್ಚು, ಆದ್ದರಿಂದ ಅದು ಸುಮಾರು 3,900 ಕಿಲೋಕ್ಯಾಲೊರಿ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ 2,000 ಕಿಲೋಕ್ಯಾಲೊರಿಯ ಆಸುಪಾಸು. ಕೊಬ್ಬಿನ ಉಗ್ರಾಣ ದೊಡ್ಡದು, ತೆಳ್ಳಗಿನವರಲ್ಲೂ ಹತ್ತಾರು ಸಾವಿರ. ಆದರೆ ಕೊಬ್ಬು ನಿಧಾನವಾಗಿ ಉರಿಯುವ ಸೌದೆ. ಮಾತಾಡುತ್ತಾ ತುಳಿಯುವ ವೇಗದಲ್ಲಿ ಅದು ಅರ್ಧ ಹೊರೆ ಹೊರುತ್ತದೆ. ಏದುಸಿರು ಬಂದರೆ ದೇಹ ಸಕ್ಕರೆಗೆ ಕೈ ಹಾಕುತ್ತದೆ. ಪ್ರತಿ ದಿಬ್ಬವನ್ನೂ ಹಲ್ಲುಕಚ್ಚಿ ಹತ್ತಿದರೆ ಸರಾಸರಿ ವೇಗ ಅಷ್ಟೇ ಇದ್ದರೂ ಗ್ಲೈಕೋಜನ್ ಬೇಗ ಖಾಲಿ. ಆಮೇಲೆ ಕಾಲು ಕಲ್ಲಾಗುತ್ತದೆ, ತಲೆ ಮಂಕಾಗುತ್ತದೆ. ಆ ಸ್ಥಿತಿಯನ್ನು ನಾನು ಅನುಭವಿಸಿದ್ದೇನೆ. ದಾರಿ ಬದಿಯ ಮೈಲಿಗಲ್ಲಿನ ಮೇಲೆ ಕೂತು, ಚೀಲದಲ್ಲಿ ಬಾಳೆಹಣ್ಣು ಇದ್ದರೂ ತೆಗೆದು ತಿನ್ನಬೇಕೆಂದು ತೋಚಿರಲಿಲ್ಲ.

ಅದಕ್ಕೇ ಹಸಿವಾಗುವ ಮೊದಲೇ ತಿನ್ನಬೇಕು. ಕರುಳು ಗಂಟೆಗೆ ಸುಮಾರು 60 ಗ್ರಾಂ ಗ್ಲೂಕೋಸ್ ಹೀರಬಲ್ಲದು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ಗೆ ಕರುಳಿನಲ್ಲಿ ಬೇರೆಯದೇ ಬಾಗಿಲು. ಎರಡೂ ಸೇರಿದರೆ ಅಭ್ಯಾಸ ಇರುವವರು 90 ಗ್ರಾಂವರೆಗೆ ದಕ್ಕಿಸಿಕೊಳ್ಳುತ್ತಾರೆ. ಬಾಳೆಹಣ್ಣಿನಲ್ಲಿ, ಖರ್ಜೂರದಲ್ಲಿ, ಬೆಲ್ಲದಲ್ಲಿ ಎರಡೂ ಇವೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣು ಅಂದರೆ 25 ಗ್ರಾಂ. ಗಂಟೆಗೆ ಒಂದು ಹಣ್ಣು, ನಾಲ್ಕೈದು ಖರ್ಜೂರ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಹೋಟೆಲಿನಲ್ಲಿ ಇಡ್ಲಿ ಒಳ್ಳೆಯದು. ಪೂರಿ, ವಡೆ ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಲ್ಲೇ ಕೂತಿರುತ್ತದೆ.

ನೀರಿನ ಜೊತೆ ಉಪ್ಪೂ ಬೇಕು. ಬೆವರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಹೋಗುತ್ತದೆ, ಬಿಸಿಲೇರಿದರೆ ಇನ್ನೂ ಜಾಸ್ತಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ, ಅದು ಜೀವಕ್ಕೇ ಅಪಾಯ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಪೊಟ್ಟಣ ಆ ಕೊರತೆ ತುಂಬುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬೇಕು.

ಕಾಲನ್ನು ತಯಾರು ಮಾಡಲು ನಾವು ಹತ್ತು ವಾರ ತೆಗೆದುಕೊಂಡೆವು. ಭಾನುವಾರ ಉದ್ದ ಸವಾರಿ, 60ರಿಂದ ಶುರುಮಾಡಿ 150ರ ತನಕ. ವಾರದ ನಡುವೆ ಒಂದು ಬೆಳಗ್ಗೆ ಚಾಮುಂಡಿ ಬೆಟ್ಟ. ಮೂರು ವಾರಕ್ಕೊಮ್ಮೆ ಕಡಿಮೆ ತುಳಿತ. ಕೊನೆಯ ಹತ್ತು ದಿನ ಅರ್ಧಕ್ಕರ್ಧ ಇಳಿಸಿದೆವು. ಉದ್ದ ಸವಾರಿ ಏನು ಮಾಡುತ್ತದೆ ಎಂಬುದಕ್ಕೆ 1967ರಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತು. ಜಾನ್ ಹಾಲೊಸ್ಜಿ ಎಂಬ ಅಮೆರಿಕದ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಾಗಳು ಆಮ್ಲಜನಕ ಬಳಸಿ ಶಕ್ತಿ ತೆಗೆಯುವ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಮೈಟೊಕಾಂಡ್ರಿಯಾ ಎಂದರೆ ಜೀವಕೋಶದ ಒಲೆ. ಒಲೆ ಹೆಚ್ಚಿದರೆ ಕೊಬ್ಬು ಚೆನ್ನಾಗಿ ಉರಿಯುತ್ತದೆ, ಸಕ್ಕರೆ ಉಳಿಯುತ್ತದೆ. ಐವತ್ತು ದಾಟಿದವರ ಸ್ನಾಯುವೂ ಈ ಪಾಠ ಕಲಿಯುತ್ತದೆ.

ಗೇರ್ ಬಗ್ಗೆ ಒಂದು ಮಾತು. ಅಣ್ಣನ ಸೈಕಲ್ಲಿನ ಹಿಂದಿನ ಹಲ್ಲುಚಕ್ರ ಸಣ್ಣದಿತ್ತು. ಹತ್ತು ಕಿ.ಮೀ. ವೇಗದಲ್ಲಿ ಅವರ ಪೆಡಲ್ ನಿಮಿಷಕ್ಕೆ ಐವತ್ತು ಸುತ್ತೂ ತಿರುಗುತ್ತಿರಲಿಲ್ಲ. ಮೊಣಕಾಲಿನ ಮೇಲೆ ಭಾರ ಬೀಳುತ್ತಿತ್ತು. ಮುಂದೆ ಹಿಂದೆ ಸಮ ಹಲ್ಲಿನ ಗೇರ್ ಹಾಕಿಸಿದ ಮೇಲೆ ಅದೇ ವೇಗದಲ್ಲಿ ಎಂಬತ್ತು ಸುತ್ತು ತಿರುಗತೊಡಗಿತು. ಹತ್ತು ವಾರದ ತಯಾರಿಯಲ್ಲಿ ನಾವು ಮಾಡಿದ ಒಳ್ಳೆಯ ಖರ್ಚು ಅದೊಂದೇ.

ಬ್ರೆವೆಗೆ ಎರಡು ವಾರ ಮುಂಚೆ ಅದೇ ದಾರಿಯಲ್ಲಿ ಮತ್ತೆ ಹೋದೆವು. ಹುಣಸೂರು ದಾಟಿದ ಮೊದಲ ದಿಬ್ಬದಲ್ಲಿ ಅಣ್ಣನೇ ಮುಂದೆ, ತಮ್ಮ ಉಸಿರಿಗೆ ಸರಿಯಾಗಿ. ಎರಡನೆಯದರ ಅರ್ಧದಲ್ಲಿ ನಮ್ಮ ಗುಂಪಿನ ಹಗುರ ಹುಡುಗಿ ಮುಂದಾದಳು. ನೆತ್ತಿ ದಾಟಿದವಳು ಗೇರ್ ಮುಟ್ಟಲಿಲ್ಲ. ತಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, "ಎಲ್ಲ ಬಂದ್ರಾ?" ಎಂದು ಕೂಗಿದಳು. ಒಂಬತ್ತು ಎಣಿಸುವಷ್ಟರಲ್ಲಿ ಹಿಂದಿನಿಂದ ಅಣ್ಣನ ದನಿ ಬಂತು: "ಬಂದ್ವಿ, ನಡಿಯಮ್ಮ."