ಹೊರಗಿನ ದುಡ್ಡಿನಿಂದ ದೇಶ ಎದ್ದು ನಿಲ್ಲುತ್ತಾ?

ಪ್ರಶ್ನೆ: ಯುದ್ಧ, ಭೂಕಂಪದಿಂದ ನೆಲಕಚ್ಚಿದ ದೇಶಗಳಿಗೆ ಹೊರಗಿನಿಂದ ಕೋಟಿಗಟ್ಟಲೆ ನೆರವು ಬರುತ್ತದೆ. ಆದರೂ ಕೆಲವು ದೇಶಗಳು ಮಾತ್ರ ಚೇತರಿಸಿಕೊಳ್ಳುತ್ತವೆ. ಯಾಕೆ?

ದುಡ್ಡು ಜಾಸ್ತಿ ಬಂದಷ್ಟೂ ಬೆಳವಣಿಗೆ ಜಾಸ್ತಿ ಅಂತ ಲೆಕ್ಕ ಹಾಕಿದರೆ ಎಡವುತ್ತೇವೆ. ಎಲ್ಲರೂ ಹೆಸರೆತ್ತುವ ಮಾರ್ಷಲ್ ಯೋಜನೆಯನ್ನೇ ನೋಡಿ. 1948ರಿಂದ ಸುಮಾರು ನಾಲ್ಕು ವರ್ಷ ಅಮೆರಿಕ, ಎರಡನೇ ಮಹಾಯುದ್ಧದಲ್ಲಿ ನಲುಗಿದ್ದ ಪಶ್ಚಿಮ ಯುರೋಪಿಗೆ ಹತ್ತಿರಹತ್ತಿರ 1,300 ಕೋಟಿ ಡಾಲರ್ ಕೊಟ್ಟಿತು. ದೊಡ್ಡ ಪಾಲು ಸಿಕ್ಕಿದ್ದು ಬ್ರಿಟನ್ನಿಗೆ. ಪಶ್ಚಿಮ ಜರ್ಮನಿಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಆದರೆ 50ರ ದಶಕದಲ್ಲಿ ಮುಂದೆ ಓಡಿದ್ದು ಜರ್ಮನಿ.

ಅಲ್ಲಿ ದುಡ್ಡು ಸುತ್ತಿದ ದಾರಿ ಮಜವಾಗಿದೆ. ಮಿಲ್ ಮಾಲೀಕನೊಬ್ಬನಿಗೆ ಅಮೆರಿಕದ ಹತ್ತಿ ಬೇಕು, ಕೈಯಲ್ಲಿ ಡಾಲರ್ ಇಲ್ಲ ಅಂದುಕೊಳ್ಳಿ. ಮಾರಿದವನಿಗೆ ಡಾಲರ್ ಕೊಡುವುದು ಅಮೆರಿಕ ಸರ್ಕಾರ. ಹಾಗಂತ ಮಿಲ್ಲಿನವನಿಗೆ ಹತ್ತಿ ಪುಕ್ಕಟೆಯಲ್ಲ. ಅದರ ಬೆಲೆಯನ್ನು ಅವನು ಮಾರ್ಕ್ (ಆಗಿನ ಜರ್ಮನ್ ನಾಣ್ಯ) ಲೆಕ್ಕದಲ್ಲಿ ತನ್ನ ದೇಶದ ನಿಧಿಗೇ ಕಟ್ಟಬೇಕು. ಆ ನಿಧಿಯಿಂದ ಕಲ್ಲಿದ್ದಲು ಗಣಿಗೆ, ವಿದ್ಯುತ್ತಿಗೆ, ಮನೆ ಕಟ್ಟುವುದಕ್ಕೆ ಸಾಲ ಹೋಗುತ್ತಿತ್ತು. ತೀರಿ ಬಂದ ಸಾಲ ಇನ್ನೊಬ್ಬರ ಕೈಗೆ. ಈ ಕೆಲಸಕ್ಕೆಂದು 1948ರಲ್ಲಿ ಹುಟ್ಟಿದ ಕೆಎಫ್‌ಡಬ್ಲ್ಯು ಬ್ಯಾಂಕ್ ಇವತ್ತಿಗೂ ಸಾಲ ಕೊಡುತ್ತಿದೆ. ಅದು ಸಾಲದೆಂಬಂತೆ 1953ರ ಲಂಡನ್ ಒಪ್ಪಂದದಲ್ಲಿ ಜರ್ಮನಿಯ ಹಳೇ ಸಾಲ ಸುಮಾರು ಅರ್ಧದಷ್ಟು ಮನ್ನಾ ಆಯಿತು. ನನ್ನ ಪ್ರಕಾರ ಇದೂ ಅಷ್ಟೇ ದೊಡ್ಡ ನೆರವು; ಹೇಳುವವರು ಮಾತ್ರ ಕಡಿಮೆ. ಇನ್ನೊಂದು ವಿಷಯ, ಜರ್ಮನಿಯಲ್ಲಿ ಕಟ್ಟಡ ಬಿದ್ದಿದ್ದವು, ಕೆಲಸ ಗೊತ್ತಿದ್ದ ಜನ ಇದ್ದರು.

ಹೈಟಿಯಲ್ಲಿ ಆಗಿದ್ದೇ ಬೇರೆ. 2010ರ ಭೂಕಂಪದ ನಂತರ ಬಂದ ನೆರವಿನಲ್ಲಿ ಬಹುಪಾಲು ಅಲ್ಲಿನ ಸರ್ಕಾರದ ಕೈಗೆ ಬರಲೇ ಇಲ್ಲ. ಹೊರಗಿನ ಸಂಸ್ಥೆಗಳು, ಗುತ್ತಿಗೆದಾರರ ಮೂಲಕವೇ ಖರ್ಚಾಯಿತು. ಕೊಟ್ಟರೆ ನುಂಗಿಬಿಡುತ್ತಾರೆ ಅನ್ನುವ ಭಯ ಸುಳ್ಳೇನಲ್ಲ. ಆದರೆ ಹೊರಗಿನವರು ಹೊರಟ ಮೇಲೆ ಶಾಲೆ, ಆಸ್ಪತ್ರೆ ನಡೆಸಬೇಕಾದ್ದು ಆ ಸರ್ಕಾರವೇ ಅಲ್ವಾ? 2004ರ ಸುನಾಮಿಯ ನಂತರ ಇಂಡೋನೇಷ್ಯಾ ತನ್ನ ‘ಆಚೆ’ (Aceh) ಎಂಬ ಪ್ರಾಂತ್ಯಕ್ಕೆ ತಾನೇ ಒಂದು ಪುನರ್ನಿರ್ಮಾಣ ಸಂಸ್ಥೆ ಮಾಡಿತು. ಹೊರಗಿನವರ ಕೆಲಸವನ್ನೂ ಅದರ ಮೂಲಕ ಹೊಂದಿಸಿತು. ಅವಧಿ ಮುಗಿದಾಗ, 2009ರಲ್ಲಿ, ಅದನ್ನು ಮುಚ್ಚಿತು.

ಇನ್ನು ಬೆಳವಣಿಗೆಯ ಅಂಕಿಗಳು. ಅವುಗಳನ್ನು ಸುಮ್ನೆ ನಂಬಬೇಡಿ. 2021ಕ್ಕೆ ಮುಂಚೆ ಅಫ್ಘಾನಿಸ್ತಾನದ ಸರ್ಕಾರಿ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗಿನ ದುಡ್ಡು. ರಸ್ತೆ, ಸಂಬಳ, ವ್ಯಾಪಾರ ಎಲ್ಲದಕ್ಕೂ ಅದೇ ಆಸರೆ. ಹಾಗಾಗಿ ಬೆಳವಣಿಗೆ ಕಂಡಿದ್ದು ನಿಜ. ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಆ ನೆರವು ನಿಂತಿತು. ಮೇಷ್ಟ್ರುಗಳ ಸಂಬಳವೂ ನಿಂತಿತು.

ಮೇಲಿನದೆಲ್ಲ ಹೆಚ್ಚಾಗಿ ಅನುದಾನದ ಮಾತು. ‘ನೆರವು’ ಅಂತ ಘೋಷಣೆಯಾದದ್ದು ಎಷ್ಟೋ ಸಲ ಸಾಲವಾಗಿರುತ್ತದೆ, ಅದೂ ಡಾಲರ್ ಸಾಲ. ಸ್ಥಳೀಯ ನಾಣ್ಯದ ಬೆಲೆ ಅರ್ಧಕ್ಕೆ ಕುಸಿದರೆ, ಒಂದು ಡಾಲರೂ ಹೊಸದಾಗಿ ಪಡೆಯದೆ ಆ ನಾಣ್ಯದ ಲೆಕ್ಕದಲ್ಲಿ ತೀರಿಸಬೇಕಾದ ಮೊತ್ತ ಎರಡರಷ್ಟಾಗುತ್ತದೆ. ಘೋಷಣೆ ಓದುವಾಗ ಮೊತ್ತಕ್ಕಿಂತ ಮೊದಲು ನಾನು ಹುಡುಕುವುದು ಅದು ಅನುದಾನವೋ ಸಾಲವೋ, ಸಾಲವಾದರೆ ಯಾವ ನಾಣ್ಯದ್ದು ಅನ್ನುವುದನ್ನೇ.