ಎಲೆಕ್ಟ್ರಾನ್ ಬಿದ್ದರೆ ಪ್ಲಾಸ್ಟಿಕ್ ಸುಡುವುದಿಲ್ಲವೆ?

ಓದುಗರ ಪ್ರಶ್ನೆ: ಹಿಂದೆ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಚಿತ್ರ ದಾಖಲಿಸುತ್ತಿದ್ದರಂತೆ. ಕಿರಣ ಬಿದ್ದ ಕಡೆ ಫಿಲ್ಮ್ ಸುಟ್ಟು ತೂತಾಗುತ್ತಿರಲಿಲ್ಲವೆ?

ಇಲ್ಲ. ಇಲ್ಲಿ ಕಿರಣ ಏನನ್ನೂ ಕೊರೆಯುವುದಿಲ್ಲ. ಫಿಲ್ಮಿನ ಮೈಮೇಲೆ ಋಣ ವಿದ್ಯುದಾವೇಶವನ್ನಷ್ಟೇ ಇಟ್ಟು ಮುಂದೆ ಸಾಗುತ್ತದೆ. ಆ ಹೊತ್ತಿನಲ್ಲಿ ನೋಡಿದರೆ ಫಿಲ್ಮ್ ಮೊದಲಿನಷ್ಟೇ ನುಣುಪು.

ಈ ಥರ್ಮೋಪ್ಲಾಸ್ಟಿಕ್ ರೆಕಾರ್ಡಿಂಗ್ ವಿಧಾನವನ್ನು ರೂಪಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಗ್ಲೆನ್. ಅವರ ಪ್ರಬಂಧ ಪ್ರಕಟವಾದದ್ದು 1959ರಲ್ಲಿ. ಫಿಲ್ಮಿನಲ್ಲಿ ಮೂರು ಪದರ: ಕೆಳಗೆ ಶಾಖಕ್ಕೆ ಜಗ್ಗದ ಗಟ್ಟಿ ಆಧಾರ, ನಡುವೆ ವಿದ್ಯುತ್ ಹರಿಯಬಲ್ಲ ತೆಳ್ಳನೆಯ ಪಾರದರ್ಶಕ ಲೇಪ, ಮೇಲೆ ಸ್ವಲ್ಪ ಬಿಸಿಗೇ ಮೆತ್ತಗಾಗುವ ಪ್ಲಾಸ್ಟಿಕ್.

ಚಿತ್ರ ಮೂಡುವುದು ಬಿಸಿ ತಾಗಿದಾಗ. ಮೇಲಿನ ಋಣ ಆವೇಶವನ್ನು ನಡುವಿನ ಲೇಪ ತನ್ನತ್ತ ಸೆಳೆಯುತ್ತಲೇ ಇರುತ್ತದೆ, ಆದರೆ ಪ್ಲಾಸ್ಟಿಕ್ ಗಟ್ಟಿಯಾಗಿರುವಷ್ಟು ಕಾಲ ಆ ಸೆಳೆತ ನಡೆಯದು. ಮೆತ್ತಗಾದದ್ದೇ ತಡ, ಆವೇಶವಿದ್ದ ಜಾಗ ಕೆಳಕ್ಕೆ ಕುಸಿದು ಪಕ್ಕದ್ದು ಉಬ್ಬುತ್ತದೆ. ತಣಿದಾಗ ಅದೇ ಆಕಾರ ನಿಲ್ಲುತ್ತದೆ. ಆವೇಶ ಹೆಚ್ಚಿದ್ದರೆ ತಗ್ಗೂ ಆಳ.

ಇದರಲ್ಲಿ ಬಣ್ಣವೆಂಬುದೇ ಇಲ್ಲ, ಬರೀ ಏರುತಗ್ಗು. ಹಾಗಾದರೆ ಪರದೆಯ ಮೇಲೆ ಕಾಣುವುದು ಹೇಗೆ? ಫಿಲ್ಮ್ ಸಮತಟ್ಟಾಗಿದ್ದಲ್ಲಿ ಹಾಯುವ ಬೆಳಕನ್ನು ಪ್ರೊಜೆಕ್ಟರಿನೊಳಗಿನ ಪಟ್ಟಿಗಳು ತಡೆಯುತ್ತವೆ. ಏರುತಗ್ಗಿದ್ದಲ್ಲಿ ಬೆಳಕು ಬಾಗಿ, ಪಟ್ಟಿಗಳ ಸಂದಿಯಿಂದ ನುಸುಳಿ ಪರದೆ ಸೇರುತ್ತದೆ. ಏರುತಗ್ಗಿನ ಗೆರೆಗಳ ನಡುವಿನ ಅಂತರ ಬದಲಿಸಿದರೆ ಬೇರೆ ಬೇರೆ ಬಣ್ಣದ ಬೆಳಕು ನುಸುಳುತ್ತದೆ. ಬಣ್ಣ ಹಚ್ಚದ ಫಿಲ್ಮಿನಿಂದ ಬಣ್ಣದ ಚಿತ್ರ! ಇಡೀ ವಿಧಾನದಲ್ಲಿ ನನಗೆ ಅತಿ ಜಾಣತನದ್ದೆನಿಸುವುದು ಇದೇ.

ಡಾರ್ಕ್‌ರೂಮ್ ಬೇಡ, ರಾಸಾಯನಿಕಗಳೂ ಬೇಡ. ಅಳಿಸಬೇಕೆಂದರೆ ಇನ್ನಷ್ಟು ಬಿಸಿ ಮಾಡಿದರಾಯಿತು: ಆವೇಶ ಸೋರಿಹೋಗಿ, ಮೇಲ್ಮೈ ಎಳೆತದಿಂದ ಪ್ಲಾಸ್ಟಿಕ್ ತಾನೇ ಸಮತಟ್ಟಾಗುತ್ತದೆ.

ಇಷ್ಟಿದ್ದೂ ಅದು ಮನೆಮನೆಗೆ ಬರಲಿಲ್ಲ. ಎಲೆಕ್ಟ್ರಾನ್ ಕಿರಣ ಗಾಳಿಯಲ್ಲಿ ಚದುರುವುದರಿಂದ ದಾಖಲಿಸುವಾಗ ಫಿಲ್ಮ್ ನಿರ್ವಾತದೊಳಗೇ ಇರಬೇಕಿತ್ತು. ಫಿಲ್ಮ್ ಬದಲಿಸಿದಾಗಲೆಲ್ಲ ಪಂಪು ಹಚ್ಚಿ ಗಾಳಿ ತೆಗೆಯುತ್ತ ಕೂರುವವರಾರು? 1956ರಲ್ಲೇ ಆಂಪೆಕ್ಸ್ ಕಂಪನಿ ಕಾಂತೀಯ ವಿಡಿಯೊ ಟೇಪ್ ಯಂತ್ರ ತಂದಿತ್ತು, ಅದಕ್ಕೆ ಈ ತಾಪತ್ರಯವಿರಲಿಲ್ಲ.

ಗ್ಲೆನ್ ಅವರ ಕೆಲಸ ಮಾತ್ರ ವ್ಯರ್ಥವಾಗಲಿಲ್ಲ. ಫಿಲ್ಮಿನ ಬದಲು ಎಣ್ಣೆಯ ಪದರವಿಟ್ಟು ಎಲ್ಲವನ್ನೂ ನಿರ್ವಾತದಲ್ಲಿ ಮುಚ್ಚಿಬಿಟ್ಟರೆ ಪಂಪಿನ ಗೋಜಿಲ್ಲ. ಅದೇ ಕಂಪನಿಯ ಟಲಾರಿಯಾ ಪ್ರೊಜೆಕ್ಟರುಗಳು ದೊಡ್ಡ ಪರದೆಗಳಲ್ಲಿ ಟಿವಿ ಚಿತ್ರ ತೋರಿಸಿದ್ದು ಹೀಗೆಯೇ.